ಠರಾವಿನಲ್ಲಿ ‘ಅವರು’ ಅಂದರೆ ಯಾರು, ‘ತಮ್ಮ ಬೋನಸ್’ ಅಂದರೆ ಯಾರದು?

ಪ್ರಶ್ನೆ: ನಮಸ್ಕಾರ ಸರ್. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಸಭೆಯ ನಡಾವಳಿ ಪುಸ್ತಕ ಬರೆಯುವುದು ನಾನೇ. ಹೋದ ವರ್ಷ ಒಂದು ಸಭೆಯಲ್ಲಿ ಹೀಗೆ ಬರೆದಿದ್ದೆ: “ಅಧ್ಯಕ್ಷರು ಹಿಂದಿನ ಕಾರ್ಯದರ್ಶಿಯವರ ಜೊತೆ ಮಾತನಾಡಿ, ಅವರು ಪಡೆದಿದ್ದ 12,000 ರೂಪಾಯಿ ಮುಂಗಡವನ್ನು ತಮ್ಮ ಬೋನಸ್‌ನಲ್ಲಿ ಮುರಿದುಕೊಳ್ಳಲು ಒಪ್ಪಿದರು.” ಮುಂಗಡ ತೆಗೆದುಕೊಂಡಿದ್ದು ಹಿಂದಿನ ಕಾರ್ಯದರ್ಶಿ. ಒಪ್ಪಿದ್ದೂ ಅವರೇ. ಮುರಿಯಬೇಕಾಗಿದ್ದು ಅವರ ಬೋನಸ್‌ನಲ್ಲೇ. ಈಗ ಅವರು, “ಪುಸ್ತಕದಲ್ಲಿ ಅಧ್ಯಕ್ಷರ ಬೋನಸ್ ಅಂತಿದೆ, ನನ್ನದಕ್ಕೆ ಕೈ ಹಾಕಬೇಡಿ” ಎನ್ನುತ್ತಿದ್ದಾರೆ. ಅಧ್ಯಕ್ಷರೂ ಹಾಲು ಹಾಕುವವರೇ, ಅವರಿಗೂ ಬೋನಸ್ ಬರುತ್ತೆ. ಲೆಕ್ಕ ನೋಡಲು ಬಂದವರು, “ಸರ್ವನಾಮ ಯಾವಾಗಲೂ ಹತ್ತಿರದ ಹೆಸರಿಗೇ ಹೋಗುತ್ತೆ, ಯೋಚನೆ ಬೇಡ” ಅಂದರು. ಒಬ್ಬ ನಿರ್ದೇಶಕರು, “ಕನ್ನಡದಲ್ಲಿ ಬರೆದರೆ ಹೀಗೇ, ಇಂಗ್ಲಿಷ್‌ನಲ್ಲಿ ಬರೀಬೇಕಿತ್ತು” ಅಂದರು. ಇನ್ನೊಬ್ಬರು, “ಅವರು, ತಮ್ಮ ಎಲ್ಲಾ ಬಿಟ್ಟು ಹೆಸರೇ ಬರೀರಿ” ಅಂತಾರೆ. ಇದರ ಜೊತೆಗೆ ಇನ್ನೆರಡು ತಕರಾರು. “ಹಸು ಇರುವ ಪ್ರತಿಯೊಬ್ಬ ಸದಸ್ಯರೂ ಅದಕ್ಕೆ ವಿಮೆ ಮಾಡಿಸಬೇಕು” ಎಂದು ಠರಾವು ಮಾಡಿದ್ದೆವು. ನಾಲ್ಕು ಹಸು ಇರುವವರು ಒಂದಕ್ಕೆ ಮಾಡಿಸಿ ಮುಗೀತು ಅಂತಾರೆ. “ಮುಂಗಡ ಕೊಟ್ಟ ಸದಸ್ಯರ ಪಟ್ಟಿ” ಎಂದು ಒಂದು ಹಾಳೆ ಅಂಟಿಸಿದ್ದೆ, ಅದರಲ್ಲಿ ಹೆಸರಿರುವವರು “ಕೊಟ್ಟಿದ್ದು ನಾವು, ವಾಪಸ್ ಕೊಡಿ” ಎಂದು ತಮಾಷೆ ಮಾಡುತ್ತಾರೆ. ನಮ್ಮಲ್ಲಿ ತುಂಬಾ ಜನ ಮನೆಯಲ್ಲಿ ತೆಲುಗು ಆಡುವವರು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ನನಗೆ ಕನ್ನಡವೇ ಸರಿಯಾಗಿ ಬರಲ್ಲವಾ? ಈಗ ಏನು ಮಾಡಲಿ?

ಉತ್ತರ: ನಿಮಗೆ ಬೇಜಾರಾಗಬಹುದು, ಆದರೂ ಮೊದಲೇ ಹೇಳಿಬಿಡುತ್ತೇನೆ. ವ್ಯಾಕರಣವನ್ನಷ್ಟೇ ಹಿಡಿದು ಓದಿದರೆ ಹಿಂದಿನ ಕಾರ್ಯದರ್ಶಿಯ ಮಾತಿನಲ್ಲಿ ಹುರುಳಿದೆ. ಊರಿನ ವಿಷಯ ಗೊತ್ತಿದ್ದು ಓದಿದರೆ ನೀವು ಹೇಳುವುದೇ ಸರಿ. ನಿಮಗೆ ಕನ್ನಡ ಬರಲ್ಲ ಅನ್ನೋದು ಮಾತ್ರ ಸುಳ್ಳು. ನೀವು ಬರೆದದ್ದು ಸಭೆಯಲ್ಲಿ ಕೂತಿದ್ದವರಿಗೆ ಪೂರ್ತಿ ಅರ್ಥವಾಗುವ ಕನ್ನಡ. ಓದುತ್ತಿರುವುದು ಮಾತ್ರ ಬೇರೆ ಹೊತ್ತಿನಲ್ಲಿ, ಬೇರೆ ಉದ್ದೇಶ ಇಟ್ಟುಕೊಂಡವರು.

ನಾನು ತುಮಕೂರಿನಲ್ಲಿ ಭಾಷಾವಿಜ್ಞಾನ ಪಾಠ ಮಾಡಿಕೊಂಡು, ಜೊತೆಗೆ ಸಂಘಗಳ ಬೈಲಾ, ಕರಾರು ಪತ್ರ, ವಿಭಾಗ ಪತ್ರಗಳ ಭಾಷೆ ನೋಡಿಕೊಡುತ್ತಾ ಬಂದವನು. ಕಷ್ಟದ ಪದಗಳಿಂದ ಹುಟ್ಟಿದ ಜಗಳ ನನ್ನ ಹತ್ತಿರ ಬಂದಿದ್ದು ಕಡಿಮೆ. ಅವರು, ತಮ್ಮ, ಅದು, ಸದರಿ, ಇಂಥವುಗಳಿಂದ ಹುಟ್ಟಿದ್ದೇ ಜಾಸ್ತಿ. ಯಾಕೆಂದರೆ ಈ ಪದಗಳಿಗೆ ಸ್ವಂತ ಅರ್ಥ ಅತಿ ಸ್ವಲ್ಪ. ‘ಹಸು’ ಅಂದರೆ ಎಂಥ ಪ್ರಾಣಿ ಅಂತ ಪದವೇ ಹೇಳುತ್ತೆ. ‘ಅವರು’ ಅನ್ನೋದು ಹೇಳುವುದು ಇಷ್ಟೇ: ಮಾತಾಡುವವರಲ್ಲ, ಕೇಳುವವರೂ ಅಲ್ಲ, ಒಬ್ಬರಿಗಿಂತ ಹೆಚ್ಚು ಜನ ಅಥವಾ ಗೌರವ ಕೊಡಬೇಕಾದ ಒಬ್ಬರು. ಉಳಿದದ್ದನ್ನು ಓದುವವರೇ ತುಂಬಿಕೊಳ್ಳಬೇಕು. ಎಲ್ಲಿಂದ ತುಂಬಿಕೊಳ್ಳಬಾರದು ಅನ್ನೋದಕ್ಕೆ ವ್ಯಾಕರಣ ಕೆಲವು ಬೇಲಿ ಹಾಕುತ್ತೆ. ಬೇಲಿಯೊಳಗೆ ಇಬ್ಬರು ಉಳಿದರೆ, ಆರಿಸುವುದು ಓದುಗರ ತಲೆ.

ನಿಮ್ಮ ವಾಕ್ಯವನ್ನು ಬಿಡಿಸೋಣ. ಊರವರ ಹೆಸರು ಬೇಡ, ಸುಮ್ನೆ ರಾಮಣ್ಣ, ಸೋಮಣ್ಣ ಎಂದಿಟ್ಟುಕೊಳ್ಳೋಣ. ರಾಮಣ್ಣ ಅಧ್ಯಕ್ಷರು, ಸೋಮಣ್ಣ ಹಿಂದಿನ ಕಾರ್ಯದರ್ಶಿ.

ಮೊದಲ ಗಂಟು ಇರುವುದು ‘ತಮ್ಮ’ದಲ್ಲಿ ಅಲ್ಲ, ‘ಮಾತನಾಡಿ’ಯಲ್ಲಿ. ಕನ್ನಡದಲ್ಲಿ ‘ಮಾತನಾಡಿ’, ‘ಹೋಗಿ’, ‘ತಂದು’ ಇಂಥ ರೂಪ ಬಂದರೆ, ಆ ಕೆಲಸ ಮಾಡಿದವರೇ ವಾಕ್ಯದ ಕೊನೆಯ ಕ್ರಿಯೆಯನ್ನೂ ಮಾಡಿದವರು ಎಂಬ ಕಟ್ಟು ಇದೆ. “ರಾಮಣ್ಣ ಸಂತೆಗೆ ಹೋಗಿ ಟೊಮ್ಯಾಟೊ ಮಾರಿದ” ಎಂದರೆ ಮಾರಿದ್ದು ರಾಮಣ್ಣನೇ. “ಮಳೆ ಬಂದು ಕೆರೆ ತುಂಬಿತು” ಅನ್ನುವಂಥ ಕಾರಣ-ಪರಿಣಾಮದ ವಾಕ್ಯಗಳು ಇದಕ್ಕೆ ಹೊರತು. (ನಮ್ಮ ಕಡೆ ಈ ವಾಕ್ಯ ಹೇಳುವ ಭಾಗ್ಯ ಸಿಗುವುದೂ ಅಪರೂಪವೇ.) ಹಾಗಾಗಿ “ಅಧ್ಯಕ್ಷರು... ಮಾತನಾಡಿ... ಒಪ್ಪಿದರು” ಎಂದು ನೀವು ಬರೆದಾಗ ಒಪ್ಪಿದವರು ಅಧ್ಯಕ್ಷರು ಎಂದಾಯಿತು. ಒಪ್ಪಿದ್ದು ಸೋಮಣ್ಣ ಎಂದು ನಿಮ್ಮ ಮನಸ್ಸಿನಲ್ಲಿತ್ತು, ಹಾಳೆಯ ಮೇಲೆ ಬರಲಿಲ್ಲ.

ಎರಡನೆಯದು ‘ತಮ್ಮ’. ತಾನು, ತನ್ನ, ತಾವು, ತಮ್ಮ: ಈ ಗುಂಪಿನ ಪದಗಳಿಗೆ ಒಂದು ಹಟ ಇದೆ. ಅವು ಬಹುಮಟ್ಟಿಗೆ ವಾಕ್ಯದ ಕರ್ತೃವನ್ನೇ ಹುಡುಕುತ್ತವೆ. “ರಾಮಣ್ಣ ಸೋಮಣ್ಣನಿಗೆ ತನ್ನ ಬೈಕ್ ಕೊಟ್ಟ” ಎಂದರೆ ಬೈಕ್ ರಾಮಣ್ಣನದು. ಸೋಮಣ್ಣನ ಹೆಸರು ‘ತನ್ನ’ದ ಪಕ್ಕದಲ್ಲೇ ಇದೆ, ಆದರೂ ಅದು ಅವನ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ವಾಕ್ಯದ ಕರ್ತೃ ಅಧ್ಯಕ್ಷರು, ಒಪ್ಪಿದವರೂ ಅವರೇ. ಆದ್ದರಿಂದ ‘ತಮ್ಮ ಬೋನಸ್’ ಕೂಡ ಅಧ್ಯಕ್ಷರ ಲೆಕ್ಕಕ್ಕೆ ಹೋಯಿತು.

ಹತ್ತಿರದ ಹೆಸರಿಗೇ ಹೋಗುತ್ತೆ ಎಂದವರಿಗೆ ಈ ಎರಡು ವಾಕ್ಯ ತೋರಿಸಿ.

“ರಾಮಣ್ಣ ತನ್ನನ್ನು ಬೈದ ಅಂತ ಸೋಮಣ್ಣ ದೂರಿದ.”
“ರಾಮಣ್ಣ ತನ್ನನ್ನು ಬೈದುಕೊಂಡ ಅಂತ ಸೋಮಣ್ಣ ದೂರಿದ.”

ಮೊದಲನೆಯದರಲ್ಲಿ ಬೈಗುಳ ತಿಂದವನು ಸೋಮಣ್ಣ. ಎರಡನೆಯದರಲ್ಲಿ ರಾಮಣ್ಣ ತನಗೆ ತಾನೇ ಬೈದುಕೊಂಡ. ಎರಡರಲ್ಲೂ ‘ತನ್ನನ್ನು’ ಪಕ್ಕದಲ್ಲಿರುವುದು ರಾಮಣ್ಣನ ಹೆಸರೇ, ದೂರವೂ ಅಷ್ಟೇ. ಬದಲಾಗಿದ್ದು ಕ್ರಿಯಾಪದದ ಬಾಲಕ್ಕೆ ಸೇರಿದ ‘ಕೊಳ್ಳು’ ಮಾತ್ರ. ಅದು ಇದ್ದರೆ ಕೆಲಸ ಮಾಡಿದವನ ಮೇಲೇ ತಿರುಗಿ ಬೀಳುತ್ತೆ. ಇಲ್ಲದಿದ್ದರೆ ‘ತನ್ನನ್ನು’ ಒಳವಾಕ್ಯದ ಬೇಲಿ ಹಾರಿ ಹೊರಗಿನ ಕರ್ತೃವನ್ನು ಹಿಡಿಯುತ್ತೆ. ಕನ್ನಡದ ಈ ನಡವಳಿಕೆ ಭಾಷಾವಿಜ್ಞಾನಿಗಳಿಗೆ ಎಷ್ಟು ಹಿಡಿಸಿತೆಂದರೆ, ಅಮೆರಿಕದ ಜೆಫ್ರಿ ಲಿಡ್ಜ್ ಅವರಂಥವರು ಇದನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಾವು ಶಾಲೆಗೆ ಹೋಗುವ ಮೊದಲೇ ಕಲಿತದ್ದು ಇದು, ಯಾರೂ ಕಲಿಸಲಿಲ್ಲ.

‘ಅವನು’ ಇದಕ್ಕೆ ಉಲ್ಟಾ. “ರಾಮಣ್ಣ ಅವನನ್ನು ಬೈದ” ಎಂದರೆ ಬೈಸಿಕೊಂಡವನು ರಾಮಣ್ಣ ಆಗಿರಲು ಸಾಧ್ಯವೇ ಇಲ್ಲ. “ರಾಮಣ್ಣ ಅವನ ಮಗನಿಗೆ ಸೈಕಲ್ ಕೊಡಿಸಿದ” ಎಂದರೂ ಬರಹದಲ್ಲಿ ಬೇರೆ ಯಾರದೋ ಮಗ ಎಂದೇ ಓದುತ್ತೇವೆ. ಮಾತಿನಲ್ಲಿ ಈ ಗೆರೆ ಸ್ವಲ್ಪ ಸಡಿಲ, ಎಷ್ಟೋ ಜನ ಸ್ವಂತ ಮಗನಿಗೂ ‘ಅವನ ಮಗ’ ಅಂದುಬಿಡುತ್ತಾರೆ. ಇದರಿಂದ ನಿಮಗೆ ಒಂದು ಅನುಕೂಲ ಇದೆ. “ಅವರು ಪಡೆದಿದ್ದ ಮುಂಗಡ” ಎಂದು ಬರೆದಿದ್ದೀರಿ. ಅಧ್ಯಕ್ಷರೇ ಪಡೆದಿದ್ದರೆ “ತಾವು ಪಡೆದಿದ್ದ” ಎಂದು ಬರೆಯುವುದು ರೂಢಿ. ಮುಂಗಡ ಪಡೆದವರು ಸೋಮಣ್ಣ ಎಂಬುದರ ಕಡೆಗೇ ವಾಕ್ಯ ವಾಲುತ್ತೆ. ಹಾಗಾಗಿ ಹಿಂದಿನ ಕಾರ್ಯದರ್ಶಿಗೆ ಬೋನಸ್ ವಿಷಯದಲ್ಲಿ ತಕರಾರು ತೆಗೆಯಲು ದಾರಿ ಇದೆ, ಸಾಲವೇ ತನ್ನದಲ್ಲ ಎನ್ನಲು ಇಲ್ಲ.

ಗೌರವದ ಮಾತೂ ಇಲ್ಲಿ ಸೇರಿಕೊಂಡಿದೆ. ಕನ್ನಡದ ಕ್ರಿಯಾಪದ ಬಂದನು, ಬಂದಳು, ಬಂತು ಎಂದು ಯಾರು ಬಂದದ್ದು ಅನ್ನೋದರ ಅರ್ಧ ಗುರುತನ್ನು ತಾನೇ ಹೊತ್ತಿರುತ್ತೆ. ಅದಕ್ಕೇ ನಾವು ಎಷ್ಟೋ ಸಲ ಸರ್ವನಾಮವನ್ನೇ ಬಿಟ್ಟು ಮಾತಾಡುತ್ತೇವೆ. ಆದರೆ ‘ಬಂದರು’ ಅಂದ ತಕ್ಷಣ ಗಂಡೋ ಹೆಣ್ಣೋ, ಒಬ್ಬರೋ ಹತ್ತು ಜನವೋ, ಎಲ್ಲ ಕಲಸಿಹೋಗುತ್ತೆ. ನಡಾವಳಿಯಲ್ಲಿ ಎಲ್ಲರೂ ‘ಅವರು’, ಎಲ್ಲರೂ ‘ಒಪ್ಪಿದರು’. ನಿಮ್ಮ ಹಿಂದಿನ ಕಾರ್ಯದರ್ಶಿ ಹೆಂಗಸಾಗಿದ್ದು, ಇದೇ ವಿಷಯವನ್ನು ಮನೆಯಲ್ಲಿ ಹೇಳಿದ್ದರೆ ‘ಅವನು’, ‘ಅವಳು’ ಎಂದು ಎರಡೇ ಪದದಲ್ಲಿ ಜಗಳ ಮುಗಿಯುತ್ತಿತ್ತು. ಹಾಗಂತ ನಡಾವಳಿಯಲ್ಲಿ ಅಧ್ಯಕ್ಷರನ್ನು ‘ಅವನು’ ಅನ್ನೋಕಾಗುತ್ತಾ? ಗೌರವ ಇಟ್ಟುಕೊಂಡೇ ಬೇರೆ ದಾರಿ ಹುಡುಕಬೇಕು.

ಇನ್ನು, ವ್ಯಾಕರಣ ಹೀಗೆ ಹೇಳುತ್ತಿದ್ದರೂ ಸಭೆಯಲ್ಲಿದ್ದ ಎಲ್ಲರೂ ನಿಮ್ಮ ವಾಕ್ಯವನ್ನು ಸರಿಯಾಗಿಯೇ ಯಾಕೆ ಓದಿದರು? ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೋಗ್ರಾಡ್ 1972ರಲ್ಲಿ ಒಂದು ಜೋಡಿ ವಾಕ್ಯ ಕೊಟ್ಟಿದ್ದರು. ನಗರಸಭೆಯವರು ಪ್ರತಿಭಟನೆ ಮಾಡುವವರಿಗೆ ಅನುಮತಿ ಕೊಡಲಿಲ್ಲ, ಏಕೆಂದರೆ ಅವರಿಗೆ ಗಲಭೆಯ ಭಯವಿತ್ತು. ಅನುಮತಿ ಕೊಡಲಿಲ್ಲ, ಏಕೆಂದರೆ ಅವರು ಗಲಭೆಗೆ ಕುಮ್ಮಕ್ಕು ಕೊಡುತ್ತಿದ್ದರು. ಮೊದಲ ‘ಅವರು’ ನಗರಸಭೆ, ಎರಡನೆಯ ‘ಅವರು’ ಪ್ರತಿಭಟನಾಕಾರರು. ವಾಕ್ಯದ ಕಟ್ಟಡ ಒಂದೇ. ಅನುಮತಿ ಯಾರು ಕೊಡುತ್ತಾರೆ, ಯಾರು ಯಾಕೆ ಹೆದರುತ್ತಾರೆ ಅನ್ನೋ ಲೋಕಜ್ಞಾನವೇ ಇಲ್ಲಿ ‘ಅವರು’ ಯಾರೆಂದು ತೀರ್ಮಾನಿಸುತ್ತೆ. ಯಂತ್ರಗಳಿಗೆ ಭಾಷೆ ಕಲಿಸುವವರು ಇಂಥ ವಾಕ್ಯಗಳನ್ನೇ ಬಹಳ ಕಾಲ ಪರೀಕ್ಷೆಯಾಗಿ ಇಟ್ಟುಕೊಂಡಿದ್ದರು. ನಿಮ್ಮ ಸಭೆಯವರೂ ಇದನ್ನೇ ಮಾಡಿದರು. ಒಬ್ಬರ ಸಾಲವನ್ನು ಇನ್ನೊಬ್ಬರು ತೀರಿಸುವುದು ಊರಲ್ಲಿ ನಡೆಯುವ ಮಾತಲ್ಲ ಎಂದು ಅವರಿಗೆ ಗೊತ್ತು, ಹಾಗಾಗಿ ವ್ಯಾಕರಣದ ತಪ್ಪನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದಿದರು. ಸೋಮಣ್ಣನಿಗೂ ಅದು ಗೊತ್ತು. ತಿದ್ದಿಕೊಳ್ಳಲು ಅವರಿಗೆ ಇಷ್ಟವಿಲ್ಲ, ಅಷ್ಟೇ.

ಇಂಗ್ಲಿಷ್‌ನಲ್ಲಿ ಬರೆದರೆ ಸರಿಹೋಗುತ್ತಿತ್ತು ಎಂಬ ನಿರ್ದೇಶಕರ ಮಾತಿಗೆ ಜಾಸ್ತಿ ಸಮಯ ಬೇಡ. ಇಂಗ್ಲಿಷ್‌ನಲ್ಲಿ ‘ತನ್ನ’ ಮತ್ತು ‘ಅವನ’ ಎರಡಕ್ಕೂ ‘ಹಿಸ್’ ಒಂದೇ. ಅವನು ತೆಗೆದುಕೊಂಡ ಮುಂಗಡ, ಅವನ ಬೋನಸ್, ಅವನು ಒಪ್ಪಿದ: ಮೂರಕ್ಕೂ ಹೀ, ಹಿಸ್, ಹೀ. ಕನ್ನಡದಲ್ಲಿ ಸಿಕ್ಕ ಅರ್ಧ ಸುಳಿವೂ ಅಲ್ಲಿ ಸಿಗುತ್ತಿರಲಿಲ್ಲ.

ಎಲ್ಲ ಕಡೆ ಹೆಸರನ್ನೇ ಬರೆಯಿರಿ ಎಂಬ ಸಲಹೆ ಅರ್ಧ ಒಳ್ಳೆಯದು. ಇದರ ಹಿಂದೆ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮಾತಿದೆ: ನಾಮಪದದ ಬದಲಿಗೆ ಬರುವುದೇ ಸರ್ವನಾಮ. ಪರೀಕ್ಷೆಗೆ ಸಾಕು, ಪೂರ್ತಿ ನಿಜ ಅಲ್ಲ. “ಯಾವ ಸದಸ್ಯರೂ ತಮ್ಮ ಪಾಸ್‌ಬುಕ್ ತರಲಿಲ್ಲ” ಎನ್ನಿ. ಈಗ ‘ತಮ್ಮ’ದ ಜಾಗದಲ್ಲಿ ನಾಮಪದ ಇಡಿ: “ಯಾವ ಸದಸ್ಯರೂ ಯಾವ ಸದಸ್ಯರ ಪಾಸ್‌ಬುಕ್ಕೂ ತರಲಿಲ್ಲ.” ಅರ್ಥವೇ ಬೇರೆ ಆಗಿಹೋಯಿತು. ಮೊದಲನೆಯದರಲ್ಲಿ ಯಾರಾದರೂ ಪಕ್ಕದ ಮನೆಯವರ ಪಾಸ್‌ಬುಕ್ ತಂದಿರಬಹುದು, ಎರಡನೆಯದರಲ್ಲಿ ಅದೂ ಇಲ್ಲ. ಇಲ್ಲಿ ‘ತಮ್ಮ’ ಯಾರೊಬ್ಬರ ಹೆಸರನ್ನೂ ಹೊತ್ತಿಲ್ಲ. ಒಬ್ಬೊಬ್ಬ ಸದಸ್ಯರ ಜೊತೆಗೂ ಅದು ತಿರುಗುತ್ತಾ ಹೋಗುತ್ತೆ. ಈ ಕೆಲಸ ಹೆಸರಿನಿಂದ ಆಗುವುದಿಲ್ಲ.

ಇನ್ನೊಂದು ಅಪಾಯವೂ ಇದೆ. “ಸೋಮಣ್ಣ ಸೋಮಣ್ಣನ ಬೋನಸ್‌ನಲ್ಲಿ ಮುರಿಯಲು ಒಪ್ಪಿದರು” ಎಂದು ಬರೆದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಒಬ್ಬರೇ ಆಗಿದ್ದರೆ ‘ತಮ್ಮ’ ಎನ್ನುತ್ತಿದ್ದರು, ಎರಡು ಸಲ ಹೆಸರು ಹಾಕಿದ್ದಾರೆ, ಊರಲ್ಲಿ ಇಬ್ಬರು ಸೋಮಣ್ಣ ಇದ್ದಾರೇನೋ ಎಂದುಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ಇಬ್ಬರಲ್ಲ, ನಾಲ್ವರು ಇರುತ್ತಾರೆ. ಆದ್ದರಿಂದ ಹೆಸರು ಬರೆಯಿರಿ, ಪಕ್ಕದಲ್ಲಿ ಸದಸ್ಯತ್ವದ ನಂಬರ್ ಇರಲಿ, ಆಮೇಲೆ ಅದೇ ವಾಕ್ಯದೊಳಗೆ ‘ಇವರು’ ಎಂದು ಹಿಡಿಯಿರಿ. ದೂರದ್ದಕ್ಕೆ ಅ, ಹತ್ತಿರದ್ದಕ್ಕೆ ಇ: ಈ ಜೋಡಿಯನ್ನು ನಾವು ಬರಹದಲ್ಲಿ ಸರಿಯಾಗಿ ಬಳಸುತ್ತಲೇ ಇಲ್ಲ. ಹಳಗನ್ನಡದಲ್ಲಿ ನಡುವಿನವನಿಗೆ ‘ಉವಂ’ ಎಂದು ಮೂರನೆಯದೂ ಇತ್ತು. ಅದು ಹೋಯಿತು, ಉಳಿದಿರುವ ಎರಡನ್ನಾದರೂ ದುಡಿಸಿಕೊಳ್ಳಬಹುದು. ಈಗಷ್ಟೇ ಹೆಸರಿಸಿದವರು ‘ಇವರು’, ಅದಕ್ಕೂ ಹಿಂದಿನವರು ‘ಅವರು’ ಎಂದು ಒಂದೇ ಕ್ರಮ ಇಟ್ಟುಕೊಂಡರೆ ಓದುಗರಿಗೆ ಹಾದಿ ಸಿಗುತ್ತೆ. ‘ಸದರಿ’, ‘ಮೇಲ್ಕಂಡ’ ಎಂಬ ಕಚೇರಿ ಪದಗಳನ್ನು ನಾನು ನಂಬುವುದಿಲ್ಲ. ಮೇಲೆ ಒಬ್ಬರೇ ಇದ್ದರೆ ಅವು ಬೇಕಿಲ್ಲ, ಇಬ್ಬರಿದ್ದರೆ ಅವುಗಳಿಂದ ಏನೂ ಆಗುವುದಿಲ್ಲ. ಸುಮ್ನೆ ಗತ್ತು.

ಹೆಸರು ಬರೆಯಬೇಕು ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ನಿಮ್ಮ ‘ಹಿಂದಿನ ಕಾರ್ಯದರ್ಶಿ’. ಈ ಪದಗುಚ್ಛ ಯಾರನ್ನು ತೋರಿಸುತ್ತೆ ಅನ್ನೋದು ಯಾವಾಗ ಓದುತ್ತಾರೆ ಎಂಬುದರ ಮೇಲೆ ನಿಂತಿದೆ. ನಾಳೆ ನೀವು ಕೆಲಸ ಬಿಟ್ಟು ಇನ್ನೊಬ್ಬರು ಬಂದು ಈ ಪುಟ ತೆರೆದರೆ ‘ಹಿಂದಿನ ಕಾರ್ಯದರ್ಶಿ’ ನೀವೇ! 12,000 ರೂಪಾಯಿ ನಿಮ್ಮ ತಲೆಗೆ. ‘ಅಧ್ಯಕ್ಷರು’ ಎಂಬುದಕ್ಕೂ ಎರಡು ಮುಖ. “ಚೆಕ್‌ಗೆ ಅಧ್ಯಕ್ಷರು ಸಹಿ ಮಾಡಬೇಕು” ಎಂದರೆ ಆ ಕುರ್ಚಿಯಲ್ಲಿ ಯಾರಿದ್ದರೆ ಅವರು. “ಅಧ್ಯಕ್ಷರು ತೋಟದಲ್ಲಿ ಬಿದ್ದು ಕಾಲು ಮುರಿದುಕೊಂಡರು” ಎಂದರೆ ಆ ಮನುಷ್ಯ. ಚುನಾವಣೆಯಲ್ಲಿ ಸೋತರೂ ಕಾಲು ಅವರದೇ. ಕೀತ್ ಡೊನೆಲನ್ ಎಂಬ ತತ್ವಶಾಸ್ತ್ರಜ್ಞರು 1966ರಲ್ಲಿ ಈ ಎರಡು ಬಳಕೆಗಳನ್ನು ಬೇರೆ ಮಾಡಿ ತೋರಿಸಿದರು. ಬೈಲಾಗೆ ಮೊದಲನೆಯದು ಬೇಕು, ನಡಾವಳಿಗೆ ಬಹಳ ಸಲ ಎರಡನೆಯದು ಬೇಕು. ಬೈಲಾದಲ್ಲಿ ಹೆಸರು ಬರೆದರೆ ತಪ್ಪು, ಸಾಲದ ಠರಾವಿನಲ್ಲಿ ಹುದ್ದೆ ಬರೆದರೆ ತಪ್ಪು.

ಈಗ ಹಸುವಿನ ವಿಮೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದೇ. ಪೀಟರ್ ಗೀಚ್ ಎಂಬ ಬ್ರಿಟಿಷ್ ತರ್ಕಶಾಸ್ತ್ರಜ್ಞರು 1962ರಲ್ಲಿ “ಕತ್ತೆ ಇರುವ ಪ್ರತಿಯೊಬ್ಬ ರೈತ ಅದನ್ನು ಹೊಡೆಯುತ್ತಾನೆ” ಎಂಬ ಅರ್ಥದ ವಾಕ್ಯವನ್ನು ಚರ್ಚೆಗೆ ತಂದರು. ಅಂದಿನಿಂದ ಇವತ್ತಿನವರೆಗೆ ಇಂಥವಕ್ಕೆ ‘ಕತ್ತೆ ವಾಕ್ಯ’ ಎಂದೇ ಹೆಸರು. ನಿಮ್ಮ ಡೇರಿಯಲ್ಲಿ ಕತ್ತೆಯ ಜಾಗಕ್ಕೆ ಹಸು ಬಂದಿದೆ, ಅಷ್ಟೇ. ಪ್ರಶ್ನೆ ಏನು? ‘ಅದು’ ಯಾವ ಹಸು? ಯಾವುದೋ ಒಂದು ಹಸುವನ್ನು ಅದು ತೋರಿಸುತ್ತಿಲ್ಲ, ಸದಸ್ಯರು ಬದಲಾದಂತೆ ಹಸುವೂ ಬದಲಾಗುತ್ತೆ. ‘ತಮ್ಮ ಪಾಸ್‌ಬುಕ್’ನ ಹಾಗೆ ‘ಪ್ರತಿಯೊಬ್ಬ’ರಿಗೆ ಕಟ್ಟೋಣವೆಂದರೆ ಅದಕ್ಕೆ ಕಟ್ಟಬೇಕಾದದ್ದು ‘ಪ್ರತಿಯೊಬ್ಬ’ ಅಲ್ಲ, ‘ಹಸು’. ಆ ಹಸು ಒಳಗಿನ ‘ಹಸು ಇರುವ’ ಎಂಬ ತುಂಡಿನಲ್ಲಿ ಸಿಕ್ಕಿಕೊಂಡಿದೆ. ಹಳೆಯ ತರ್ಕದ ಸೂತ್ರಗಳಲ್ಲಿ ಇದನ್ನು ನೇರವಾಗಿ ಬರೆಯುವುದೇ ಕಷ್ಟವಾಯಿತು.

1981ರಲ್ಲಿ ಹ್ಯಾನ್ಸ್ ಕಾಂಪ್, 1982ರಲ್ಲಿ ಐರೀನ್ ಹೈಮ್, ವಾಕ್ಯಗಳ ಅರ್ಥದ ಮೇಲೆ ಕೆಲಸ ಮಾಡಿದ ಈ ಇಬ್ಬರು ವಿದ್ವಾಂಸರೂ ಬೇರೆ ಬೇರೆಯಾಗಿ ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬಂದರು. ಅವರ ವಿಚಾರವನ್ನು ನಿಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ ಹೀಗೆ. ‘ಒಬ್ಬ ಸದಸ್ಯ’, ‘ಒಂದು ಹಸು’ ಎಂದಾಗ ಕೇಳುವವರು ಮನಸ್ಸಿನ ಲೆಡ್ಜರ್‌ನಲ್ಲಿ ಒಂದು ಹೊಸ ಖಾತೆ ತೆರೆಯುತ್ತಾರೆ. ಅದರಲ್ಲಿ ಇನ್ನೂ ಯಾರ ಹೆಸರೂ ಇಲ್ಲ. ಆಮೇಲೆ ಬರುವ ‘ಅದು’, ‘ಅವರು’ ಹೊಸ ಖಾತೆ ತೆರೆಯುವುದಿಲ್ಲ, ಇರುವ ಖಾತೆಗೇ ಜಮಾ ಆಗುತ್ತವೆ. ಅಂದರೆ ಸರ್ವನಾಮ ನೇರವಾಗಿ ಹೊರಗಿನ ಪ್ರಪಂಚದ ಹಸುವನ್ನು ಮುಟ್ಟುವುದಿಲ್ಲ, ನಡುವೆ ಮಾತಿನ ಲೆಕ್ಕ ಇರುತ್ತೆ. ಒಂದೇ ಒಂದು ಹಸು ಎಂದು ಎಣಿಸಿ ಕೊಡುವ ಕೆಲಸ ‘ಅದು’ವಿನದಲ್ಲ.

ಹಾಗಾದರೆ ನಾಲ್ಕು ಹಸು ಇದ್ದವರು ಎಷ್ಟಕ್ಕೆ ಮಾಡಿಸಬೇಕು? ಎರಡು ವಾಕ್ಯ ಹೋಲಿಸಿ. “ಕೊಡೆ ಇರುವವರು ಅದನ್ನು ತನ್ನಿ.” ಮನೆಯಲ್ಲಿ ಮೂರು ಕೊಡೆ ಇದ್ದವರು ಒಂದು ತಂದರೆ ಸಾಕು. “ಕೆಚ್ಚಲು ಬಾವು ಬಂದ ಹಸು ಇರುವವರು ಅದರ ಹಾಲನ್ನು ಡೇರಿಗೆ ಹಾಕಬಾರದು.” ಮೂರು ಹಸುವಿಗೆ ಬಾವು ಬಂದಿದ್ದರೆ ಒಂದರ ಹಾಲು ಮಾತ್ರ ನಿಲ್ಲಿಸಿ, ಉಳಿದೆರಡರದು ಹಾಕಬಹುದಾ? ಯಾರೂ ಹಾಗೆ ಓದುವುದಿಲ್ಲ. ಕಟ್ಟಡ ಒಂದೇ, ಒಂದು ಕಡೆ ‘ಒಂದಾದರೆ ಸಾಕು’, ಇನ್ನೊಂದು ಕಡೆ ‘ಎಲ್ಲವೂ’. ಉದ್ದೇಶ ಯಾವುದೆಂದು ಗೊತ್ತಿದ್ದರೆ ಅರ್ಥ ಒಂದು ಕಡೆಗೆ ವಾಲುತ್ತೆ. ವಿಮೆಯಲ್ಲಿ ಉದ್ದೇಶ ಎಲ್ಲ ಹಸುವಿಗೂ ರಕ್ಷಣೆ, ಹಾಗಾಗಿ ‘ಎಲ್ಲವೂ’ ಎಂಬ ಓದೇ ಸಹಜ. ಆದರೆ ದುಡ್ಡು ಕಟ್ಟಬೇಕಾದವರಿಗೆ ಇನ್ನೊಂದು ಓದು ಸಹಜವಾಗಿ ಕಾಣುತ್ತೆ. ಜೊತೆಗೆ ಕನ್ನಡದಲ್ಲಿ ‘ಹಸು’ ಎಂದಷ್ಟೇ ಹೇಳಿದರೆ ಒಂದೋ ಹತ್ತೋ ಗೊತ್ತಾಗುವುದಿಲ್ಲ, ‘ಹತ್ತು ಹಸು’ ಎಂದೇ ನಾವು ಹೇಳುವುದು. “ಸದಸ್ಯರು ತಮ್ಮಲ್ಲಿರುವ ಪ್ರತಿಯೊಂದು ಹಸುವಿಗೂ ವಿಮೆ ಮಾಡಿಸಬೇಕು” ಎಂದು ತಿದ್ದಿದರೆ ತಕರಾರು ಮುಗಿಯಿತು. ಎಮ್ಮೆ ಇದ್ದವರು “ನಮ್ಮದು ಹಸು ಅಲ್ಲ” ಎನ್ನದಂತೆ ಅದನ್ನೂ ಸೇರಿಸಿ. ಯಾವ ಹಸುವಿಗೆ ವಿಮೆ ಆಗಿದೆ ಎಂದು ಬರೆಯುವಾಗ ಬಣ್ಣ, ಕೊಂಬು ವರ್ಣಿಸುವುದಕ್ಕಿಂತ ಕಿವಿ ಓಲೆಯ 12 ಅಂಕಿಯ ನಂಬರ್ ಬರೆಯಿರಿ. ಗೌರಿ, ಲಕ್ಷ್ಮಿ ಎಂಬ ಹೆಸರಿನ ಹಸು ಪ್ರತಿ ಕೊಟ್ಟಿಗೆಯಲ್ಲೂ ಇದೆ.

“ಮುಂಗಡ ಕೊಟ್ಟ ಸದಸ್ಯರ ಪಟ್ಟಿ” ನೋಡಿ ನಗುವವರು ಸುಮ್ಮನೆ ನಗುತ್ತಿಲ್ಲ. ಕನ್ನಡದಲ್ಲಿ ‘ಕೊಟ್ಟ’, ‘ನೋಡಿದ’, ‘ಹೊಡೆದ’ ಎಂಬ ರೂಪಗಳು ಮುಂದೆ ಬರುವ ನಾಮಪದಕ್ಕೆ ಅಂಟಿಕೊಳ್ಳುತ್ತವೆ. ಆ ನಾಮಪದ ಆ ಕೆಲಸದಲ್ಲಿ ಯಾವ ಪಾತ್ರ ಮಾಡಿತು ಎಂದು ಹೇಳುವುದಿಲ್ಲ. ‘ಹೊಡೆದ ಹುಡುಗ’ ಹೊಡೆದವನೂ ಆಗಬಹುದು, ಏಟು ತಿಂದವನೂ ಆಗಬಹುದು. ‘ಸಾಲ ಕೊಟ್ಟ ರೈತ’ ಸಾಲ ಕೊಟ್ಟವನೋ, ಬ್ಯಾಂಕಿನವರು ಯಾರಿಗೆ ಕೊಟ್ಟರೋ ಅವನೋ? ಕೊಟ್ಟವರು ಯಾರೆಂದು ಪಕ್ಕದಲ್ಲಿ ಬರೆದರೆ ಗೊಂದಲ ಹೋಗುತ್ತೆ: “ಸಂಘವು ಮುಂಗಡ ಕೊಟ್ಟ ಸದಸ್ಯರು.” ಇನ್ನೂ ಸಲೀಸು “ಮುಂಗಡ ಪಡೆದ ಸದಸ್ಯರು.” ನೋಟಿಸ್ ಬೋರ್ಡಿನ ಆ ಹಾಳೆಯನ್ನು ಇವತ್ತೇ ಬದಲಿಸಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ತೆಲುಗಿನ ಪ್ರಶ್ನೆ ಒಳ್ಳೆಯದು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಒಂದೇ ಬಾಯಲ್ಲಿ ಎರಡೂ ಭಾಷೆ ಓಡಾಡುತ್ತವೆ. ತೆಲುಗಿನಲ್ಲಿ ‘ನಾವು’ಗೆ ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಸಭೆಯಲ್ಲಿ ಒಬ್ಬರು ತೆಲುಗಿನಲ್ಲಿ “ಮೇಮು ಕಟ್ಟುತ್ತೇವೆ” ಎಂಬರ್ಥದಲ್ಲಿ ಹೇಳಿದರೆ ಅವರ ಕಡೆಯವರು ಮಾತ್ರ ಎಂದರ್ಥ. ನೀವು ಅದನ್ನು “ನಾವು ಕಟ್ಟುತ್ತೇವೆ ಎಂದರು” ಎಂದು ಬರೆದರೆ ಇಡೀ ಸಂಘ ಕಟ್ಟುವಂತೆ ಓದಬಹುದು. ಇನ್ನೊಂದು, ಇವತ್ತಿನ ಆಡುಮಾತಿನ ತೆಲುಗಿನಲ್ಲಿ ‘ತನು’ ಎಂಬುದನ್ನು ಅವನು, ಅವಳು ಎಂಬ ಅರ್ಥದಲ್ಲಿ ಸಲೀಸಾಗಿ ಬಳಸುತ್ತಾರೆ, ಕರ್ತೃವಿನ ಹಂಗಿಲ್ಲ. ಅಂಥ ಕಿವಿಗೆ ನಿಮ್ಮ ‘ತಮ್ಮ ಬೋನಸ್’ ಸೋಮಣ್ಣನ ಕಡೆ ಹೋದರೆ ಆಶ್ಚರ್ಯವಿಲ್ಲ. ನೀವೇ ಹಾಗೆ ಬರೆದಿದ್ದಕ್ಕೂ ಇದು ಒಂದು ಕಾರಣ ಇರಬಹುದು. ಇದು ತಪ್ಪಲ್ಲ, ಎರಡು ಭಾಷೆ ಒಂದೇ ಮನೆಯಲ್ಲಿರುವ ಕಡೆ ನಡೆಯುವುದೇ ಹೀಗೆ.

ಯಾರೋ ಆಡಿದ ಮಾತನ್ನು ಬರೆಯುವಾಗ ‘ನಾನು’, ‘ನಾವು’ ಬೇಡ ಎಂದು ನನ್ನ ಸಲಹೆ. “ಸೋಮಣ್ಣ ನಾನು ದುಡ್ಡು ತಗೊಂಡಿದ್ದೀನಿ ಅಂದರು” ಎಂದು ನೀವು ಬರೆದರೆ, ತಗೊಂಡಿದ್ದು ಸೋಮಣ್ಣನೋ ಬರೆಯುತ್ತಿರುವ ನೀವೋ? “ತಾವು ಹಣ ತೆಗೆದುಕೊಂಡಿರುವುದಾಗಿ ಸೋಮಣ್ಣ ಹೇಳಿದರು” ಎಂದರೆ ಆ ಸಂಶಯಕ್ಕೆ ಜಾಗವಿಲ್ಲ. ಹೇಳಿದವರನ್ನೇ ಹಿಡಿಯುವುದರಲ್ಲಿ ‘ತಾನು’, ‘ತಾವು’ ನಿಸ್ಸೀಮರು. ನೋಟಿಸ್ ಬರೆಯುವಾಗ ಮಾತ್ರ ಎಚ್ಚರ, ಅಲ್ಲಿ ‘ತಾವು’ ಅಂದರೆ ಓದುವವರೇ ಆಗಿಬಿಡುತ್ತಾರೆ.

ಈಗ ಮಾಡಬೇಕಾದದ್ದು. ಹಳೆಯ ವಾಕ್ಯವನ್ನು ಹೊಡೆದು ಹಾಕಬೇಡಿ, ಮೇಲೆ ಬರೆಯಬೇಡಿ, ಬಿಳಿ ಬಣ್ಣ ಹಚ್ಚಬೇಡಿ. ಸಹಿ ಆದ ಪುಟವನ್ನು ತಿದ್ದಿದರೆ ಜಗಳ ‘ತಮ್ಮ’ದಿಂದ ನಿಮ್ಮ ಮೇಲೆ ತಿರುಗುತ್ತೆ. ಎಲ್ಲಕ್ಕಿಂತ ಒಳ್ಳೆಯದು, ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಸ್ಪಷ್ಟೀಕರಣದ ಠರಾವು ತರುವುದು. ಹಳೆಯ ಠರಾವಿನ ದಿನಾಂಕ, ನಂಬರ್ ಹೇಳಿ, ಹೀಗೆ ಬರೆಯಬಹುದು: “ಆ ಠರಾವಿನಲ್ಲಿ ಹಿಂದಿನ ಕಾರ್ಯದರ್ಶಿ ಎಂದಿರುವುದು ಶ್ರೀ ಇಂಥವರು, ಸದಸ್ಯತ್ವ ಸಂಖ್ಯೆ ಇಷ್ಟು. 12,000 ರೂಪಾಯಿ ಮುಂಗಡ ಪಡೆದವರು ಇವರು. ಆ ಹಣವನ್ನು ಇವರಿಗೆ ಬರಬೇಕಾದ ಬೋನಸ್‌ನಲ್ಲಿ ಸಂಘವು ಮುರಿದುಕೊಳ್ಳಲು ಒಪ್ಪಿದವರೂ ಇವರೇ.” ಇದರ ತೊಂದರೆ ಏನೆಂದರೆ, ಸೋಮಣ್ಣ ಸಭೆಯಲ್ಲಿ ಇಲ್ಲದಾಗ ಮಾಡಿದರೆ ಬೆನ್ನ ಹಿಂದೆ ಬರೆದರು ಎನ್ನುತ್ತಾರೆ. ಅವರಿಗೂ ನೋಟಿಸ್ ಕೊಟ್ಟು, ಅವರ ಆಕ್ಷೇಪ ಇದ್ದರೆ ಅದನ್ನೂ ಅದೇ ಪುಟದಲ್ಲಿ ಬರೆಯಿರಿ.

ಎರಡನೆಯ ದಾರಿ, ಮುಂಗಡದ ಓಚರ್ ಹುಡುಕುವುದು. ಅವರ ಸಹಿ ಇರುವ ಓಚರ್ ಸಿಕ್ಕರೆ ಠರಾವಿನ ವ್ಯಾಕರಣ ಯಾರಿಗೆ ಬೇಕು? ಸಾಲ ಯಾರದೆಂದು ಅದೇ ಹೇಳುತ್ತೆ. ಆದರೆ ಬೋನಸ್‌ನಲ್ಲಿ ಮುರಿಯಲು ಒಪ್ಪಿದ್ದಕ್ಕೆ ಓಚರ್ ಸಾಕ್ಷಿ ಆಗುವುದಿಲ್ಲ. ಅದಕ್ಕೆ ಅವರಿಂದ ಬೇರೆ ಪತ್ರ ಬೇಕು, ಕೊಡದಿದ್ದರೆ ವಸೂಲಿಯ ದಾರಿಯೇ ಬೇರೆ.

ಅದೂ ಆಗದಿದ್ದರೆ ವಿವಾದ. ಸಂಘ ಮತ್ತು ಸದಸ್ಯರ ನಡುವಿನ ಇಂಥ ವಿವಾದಗಳಿಗೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 70ನೇ ಕಲಂ ಇದೆ. ಬರಹದ ಮಾತು ಇಬ್ಬರಲ್ಲಿ ಯಾರಿಗಾದರೂ ಅನ್ವಯಿಸುವಂತಿದ್ದರೆ, ಯಾರಿಗೆಂದು ತೋರಿಸಲು ಹೊರಗಿನ ಸಾಕ್ಷಿ ಕೊಡಬಹುದು ಎಂದು 1872ರ ಸಾಕ್ಷ್ಯ ಕಾಯ್ದೆಯ 96ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಮಾತು ಉಳಿದಿದೆ. ಅಂದರೆ ಸಭೆಯಲ್ಲಿದ್ದವರ ಮಾತಿಗೆ ಬೆಲೆ ಸಿಗುವ ಸಾಧ್ಯತೆ ಇದೆ. ಆದರೆ ನಿಮ್ಮ ವಾಕ್ಯದ ವ್ಯಾಕರಣ ಅಧ್ಯಕ್ಷರ ಕಡೆ ವಾಲುವುದರಿಂದ, ಎದುರಿನ ವಕೀಲರು “ಇಲ್ಲಿ ಎರಡು ಅರ್ಥವೇ ಇಲ್ಲ” ಎಂದು ವಾದಿಸಬಹುದು. ನಾನು ಭಾಷೆಯವನು, ವಕೀಲನಲ್ಲ. ಇಷ್ಟು ದೂರ ಹೋಗುವ ಮೊದಲು ನಿಮ್ಮ ಒಕ್ಕೂಟದ ವಿಸ್ತರಣಾಧಿಕಾರಿಯನ್ನೂ ಒಬ್ಬ ವಕೀಲರನ್ನೂ ಕೇಳಿ. 12,000 ರೂಪಾಯಿಗೆ ಓಡಾಟದ ಖರ್ಚೇ ಜಾಸ್ತಿ ಆದೀತು.

ಮುಂದಿನ ಸಭೆಗಳಿಗೆ ಒಂದು ಕೆಲಸ ಮಾಡಿ ನೋಡಿ. ಸಹಿ ಹಾಕಿಸುವ ಮೊದಲು ಠರಾವನ್ನು ಆ ದಿನ ಸಭೆಗೆ ಬಾರದ ಒಬ್ಬ ಸದಸ್ಯರಿಗೆ ಗಟ್ಟಿಯಾಗಿ ಓದಿ ಹೇಳಿ. ಸಭೆಯಲ್ಲಿ ಇದ್ದವರಿಗೆ ಓದಿದರೆ ಪ್ರಯೋಜನವಿಲ್ಲ, ಅವರು ನಿಮ್ಮ ಹಾಗೆಯೇ ಮನಸ್ಸಿನಲ್ಲಿ ತಿದ್ದಿಕೊಂಡು ಕೇಳುತ್ತಾರೆ. ಬಾರದವರು ನಡುವೆ ಎಲ್ಲಿ “ಯಾರ್ದು?” ಎಂದು ಕೇಳುತ್ತಾರೋ ಅಲ್ಲಿ ‘ತಮ್ಮ’ ತೆಗೆದು ಹೆಸರು, ನಂಬರ್ ಹಾಕಿ. ಅವರು ಕೇಳದ ಕಡೆ ‘ಅವರು’, ‘ತಮ್ಮ’ ಇದ್ದ ಹಾಗೇ ಇರಲಿ.